ಉಪ್ಪಿನ ಪಕ್ಷಪಾತ

ಒಂದೇ ಒಲೆಯ ಮೇಲೆ ಬೆಂದ ಪಲ್ಲೆಯನ್ನು ಇಬ್ಬರು ಉಂಡರೂ ಉಪ್ಪು ಒಬ್ಬರ ಮೇಲೆ ಮಾತ್ರ ಸಿಟ್ಟು ತೀರಿಸಿಕೊಳ್ಳುವುದುಂಟು. ಇದನ್ನು ನಾನು ಮೊದಲು ಕಂಡದ್ದು ನಮ್ಮ ಚಿಕ್ಕಮ್ಮ ಗಂಗವ್ವ ಕಾಕುವಿನಲ್ಲಿ. ಎಂಬತ್ತರ ದಶಕದ ಕೊನೆಗೆ ಕಾಗವಾಡದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತ ನಾನು ಅವಳ ಗಂಡ ಕಾಕಾನ ಮನೆಯಲ್ಲೇ ಇದ್ದೆ.

ಕಾಕಾನದು ದ್ರಾಕ್ಷಿ ತೋಟ. ಉಪ್ಪಿನಕಾಯಿಗೂ ಮೇಲೊಂದು ಚಿಟಿಕೆ ಉಪ್ಪು ಉದುರಿಸಿಕೊಳ್ಳುವ ಧೀರ ಅವನು. ಕಾಕು ತಿನ್ನುತ್ತಿದ್ದದ್ದು ಅದರ ಅರ್ಧ. ಆದರೂ ಒಂದು ಮುಂಜಾನೆ ತಲೆ ತಿರುಗಿ ಬಾಗಿಲ ಚೌಕಟ್ಟು ಹಿಡಿದು ಕುಸಿದವಳು ಕಾಕು. ಮೀರಜಿನ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಅವಳ ತೋಳಿಗೆ ಪಟ್ಟಿ ಸುತ್ತಿ ನೋಡಿ ಹುಬ್ಬೇರಿಸಿದರು. ಜೊತೆಗೆ ಬಂದ ತಪ್ಪಿಗೆ ಕಾಕಾನಿಗೂ ಸುತ್ತಿದರು. ಅವನ ರಕ್ತದೊತ್ತಡ ಹದಿಹರೆಯದವನದಂತಿತ್ತು. ಉಪ್ಪು ತಿಂದವನು ನೀರು ಕುಡಿಯಬೇಕೆಂಬ ಗಾದೆ ನನ್ನೆದುರೇ ಸುಳ್ಳಾಯಿತು. ತಿಂದವನು ಕಾಕಾ, ಕುಡಿದವಳು ಕಾಕು. ಕೆಲವರ ಮೈಗೆ ಉಪ್ಪು ಆಗಿಬರುವುದಿಲ್ಲ, ಗುಳಿಗೆ ನುಂಗಿ, ಉಪ್ಪು ಬಿಡಿ ಎಂದರು ಡಾಕ್ಟರು.

ಯಾಕೆ ಹೀಗೆ ಎಂದು ನಾನು ಓದಿಕೊಂಡದ್ದು ಎಷ್ಟೋ ವರ್ಷಗಳ ಮೇಲೆ. ರೋಗಾಣುಗಳನ್ನು ಅಟ್ಟಲು ನಮ್ಮ ರಕ್ತದಲ್ಲಿ ಕಾವಲು ಕಣಗಳಿವೆಯಲ್ಲ, ಕೆಲವರಲ್ಲಿ ಉಪ್ಪು ಹೆಚ್ಚಾದರೆ ಅವು ವೈರಿಯೇ ಬಂದನೆಂದು ಕೆರಳುತ್ತವಂತೆ. ಮೂತ್ರಪಿಂಡಕ್ಕೂ ರಕ್ತನಾಳಗಳ ಗೋಡೆಗೂ ನುಗ್ಗಿ ಉರಿಯೂತ ಎಬ್ಬಿಸುತ್ತವೆ. ಆಗ ಮೂತ್ರಪಿಂಡ ಉಪ್ಪನ್ನು ಹೊರಹಾಕದೆ ಹಿಡಿದಿಡುತ್ತದೆ, ನಾಳಗಳು ಬಿಗಿಯುತ್ತವೆ, ಒತ್ತಡ ಏರುತ್ತದೆ. ನಮ್ಮನ್ನು ಉಳಿಸಲೆಂದೇ ಹಗಲಿರುಳು ದುಡಿಯುವ ಈ ಕಾವಲುಗಾರರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅತಿ ಪ್ರೀತಿಯವರ ಎಡವಟ್ಟು ಎಂದರೆ ಹೀಗೇ.

ಕಾಕಾನೂ ಅದೇ ಜಾತಿಯವನು. ಮೀರಜಿನಿಂದ ಬಂದ ದಿನವೇ ತಾನೂ ಉಪ್ಪು ಬಿಟ್ಟ. ನಿನಗೇನಾಗಿದೆ ಎಂದು ನಾನು ಕೇಳಿದರೆ, "ಆಕಿ ಸಪ್ಪಂದು ಉಣ್ಣೂಮುಂದ ನನಗ ಉಪ್ಪು ಹ್ಯಾಂಗ ಇಳೀತೈತೋ?" ಅಂದ. ಬೇಸಿಗೆ ಬಂತು. ಉರಿಬಿಸಿಲಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸುತ್ತ ಬೆವರಿನಲ್ಲಿ ತೊಯ್ದವನಿಗೆ ಮೈಯ ಉಪ್ಪು ಬತ್ತಿ ಕಾಲಿನ ಸ್ನಾಯುಗಳು ಸೆಟೆದು ನಿಂತವು. ಅವನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ತಂದರು. ಕಾಕು ಅಳಲಿಲ್ಲ, ಬೈಯಲಿಲ್ಲ. ಮಜ್ಜಿಗೆಗೆ ಉಪ್ಪು ಕಲಸಿ ಕುಡಿಸಿದಳು. ಅವನು ಚೇತರಿಸಿಕೊಂಡು ಎದ್ದು ಕೂತ ಮೇಲೆ ಹೇಳಿದಳು:

"ನನ್ನ ಸಲುವಾಗಿ ನೀವು ಬೀಳಬ್ಯಾಡ್ರಿ. ನೀವು ಗಟ್ಟಿ ಇದ್ರ ನಾ ಸಪ್ಪಂದೂ ಖುಷೀಲೆ ಉಣ್ತೀನಿ."

ಅಂದಿನಿಂದ ಕಾಕಾನ ತಾಟಿಗೆ ಅವಳೇ ಕೈಯಾರೆ ಉಪ್ಪು ಬಡಿಸಿದಳು. ತನ್ನ ತಾಟಿಗೆ ಒಂದು ಹರಳೂ ಬೀಳಗೊಡಲಿಲ್ಲ. ಅಷ್ಟು ಗಟ್ಟಿ ಮನಸ್ಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಳೆಗಾಲ ಕಳೆದ ಮೇಲೆ ಮತ್ತೆ ಮೀರಜಿಗೆ ಹೋದಾಗ ಕಾಕುವಿನ ಒತ್ತಡ ಇಳಿದಿತ್ತು. ಸಪ್ಪೆ ಊಟ ಕಷ್ಟವಾಗುವುದಿಲ್ಲವೇ ಎಂದು ಡಾಕ್ಟರು ಕನಿಕರದಿಂದ ಕೇಳಿದರು.

"ಮೊದಲ ಹುಲ್ಲ ತಿಂದಂಗ ಆತ್ರಿ," ಅಂದಳು ಕಾಕು. "ಈಗ ಬದನಿಕಾಯಾಗ ಬದನಿಕಾಯಿದ ರುಚಿ ಗೊತ್ತಾಗಾಕತ್ತೇತಿ. ಇಷ್ಟ ವರ್ಷ ಎಲ್ಲಾದಕ್ಕೂ ಒಂದ ರುಚಿ ಇತ್ರಿ."

ಮರಳುವಾಗ ಬಸ್‌ಸ್ಟ್ಯಾಂಡಿನಲ್ಲಿ ಸವತೆಕಾಯಿ ಮಾರುವವನು ಕಾಯಿ ಸೀಳಿ ಉಪ್ಪು-ಖಾರ ಸವರಲು ಹೋದ. ಕಾಕು ಅವನ ಕೈ ತಡೆದು ಹಾಗೇ ಕಚ್ಚಿದಳು. ಕಾಕಾ ತನ್ನದಕ್ಕೆ ಎರಡೆರಡು ಸಲ ಸವರಿಸಿಕೊಂಡ. ಯಾರ ಕಾಯಿ ಹೆಚ್ಚು ರುಚಿಯಾಗಿತ್ತೋ, ಅವರಿಬ್ಬರ ಮುಖ ನೋಡಿ ಹೇಳುವುದು ನನ್ನಿಂದಾಗಲಿಲ್ಲ.