ಯಮುನಕ್ಕನ ಹಲಸಿನ ಹಪ್ಪಳ

ನಿಲಾ, ಕಾರ್ತಿ, ಈ ಅಜ್ಜಿಯ ಎದುರುಮನೆಯಲ್ಲಿದ್ದ ಯಮುನಕ್ಕ ನಾಯಿಯ ಕಿವಿಯಿಂದ ಹುಳು ತೆಗೆಯುತ್ತಿದ್ದುದನ್ನು ನೀವು ನೋಡಿಲ್ಲ. ಚೆನ್ನೈಯ ತಾಂಬರಂನ ನಮ್ಮ ಫ್ಲ್ಯಾಟಿನ ಮೆಟ್ಟಿಲ ಮೇಲೆ ಕೂತು, ಬೀದಿನಾಯಿಯ ತಲೆಯನ್ನು ತೊಡೆಗಳ ನಡುವೆ ಒತ್ತಿ ಹಿಡಿದು, ಚಿಮುಟದಿಂದ ಒಂದೊಂದೇ ಬಿಳಿ ಹುಳುವನ್ನು ಎಳೆದು ಸೀಮೆಎಣ್ಣೆಯ ಡಬ್ಬಿಗೆ ಹಾಕುತ್ತಿದ್ದರು. ಕೀವಿನ ವಾಸನೆಗೆ ನಾನು ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದೆ.

"ನೀನು ಹೇಸಿಕೊಂಡ್ರೆ ಈ ಹುಳ ಹೇಸ್ತದಾ ಮಾರಾಯ್ತಿ? ಮಿದುಳಿನವರೆಗೂ ಹೋಗ್ತದೆ" ಎನ್ನುತ್ತಿದ್ದರು.

ಅವರು ಕುಂದಾಪುರದ ಕಡೆಯವರು. ಗಂಡ ಇಲ್ಲಿನ ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯವರಾಗಿದ್ದರು. ಅವರು ತೀರಿಕೊಂಡ ಮೇಲೆ ಯಮುನಕ್ಕ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಗಾಯದ ನಾಯಿಗಳನ್ನು ಆಟೋದಲ್ಲಿ ಊರಾಚೆಯ ಶೆಲ್ಟರಿಗೆ ಸೇರಿಸುತ್ತಿದ್ದರು. ಒಂದು ವರ್ಷ ಬಿರುಗಾಳಿಗೆ ಶೆಲ್ಟರಿನ ಮಾಡು ಹಾರಿಹೋಗಿ ಮರಿಗಳು ಮಳೆಯಲ್ಲಿ ನೆನೆದೇ ಸತ್ತವು. ಮುಂದಿನ ಮಳೆಗಾಲದೊಳಗೆ ತಗಡು ಹೊದಿಸಲೇಬೇಕಿತ್ತು.

"ಕೈಚಾಚಿ ಕೇಳ್ಲಿಕ್ಕೆ ನಂಗೆ ಬರೂದಿಲ್ಲ. ಹಪ್ಪಳ ಕೊಡುವ, ದುಡ್ಡು ತಕ್ಕೊಳ್ಳುವ" ಎಂದರು.

ಆ ಬೇಸಿಗೆಯಲ್ಲಿ ಪಣ್ರುಟಿಯ ಹಲಸಿನಕಾಯಿ ತರಿಸಿದರು. ಹಪ್ಪಳದ ದಿನ ನಾಯಿಗಳನ್ನು ಮುಟ್ಟುತ್ತಿರಲಿಲ್ಲ. ತಲೆಗೆ ಸ್ನಾನ ಮಾಡಿ ತೊಳೆ ಬೇಯಿಸಿ ಕುಟ್ಟುತ್ತಿದ್ದರು. ನಾನು ಒತ್ತಿ ತಾರಸಿಯಲ್ಲಿ ಒಣಗಿಸುತ್ತಿದ್ದೆ. ಫ್ಲ್ಯಾಟಿನವರೆಲ್ಲ ಕೊಂಡರು. ಸಂಘದ ಕಾರ್ಯದರ್ಶಿ ಮೂರ್ತಿ, ಬ್ಯಾಂಕಿನಿಂದ ನಿವೃತ್ತರಾದವರು, "ನಲ್ಲ ಕಾರ್ಯ ಮಾಮಿ, ಒಳ್ಳೆ ಕೆಲಸ, ನಂಗೆ ಐದು ಪ್ಯಾಕೆಟ್ ಕೊಡಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಮಾರನೆಯ ಬೆಳಿಗ್ಗೆ ಕಸ ಹಾಕಲು ಕೆಳಗೆ ಹೋದೆ. ಹಳಸಿದ ಅನ್ನ, ಮಗುವಿನ ಡಯಾಪರ್, ಅದರ ಮೇಲೆ ಒಡೆಯದ ಹಪ್ಪಳದ ಪ್ಯಾಕೆಟ್‌ಗಳು. ನಾಯಿ ಮುಟ್ಟಿದ ಕೈಯದೆಂದು ಕೊಂಡವರೇ ಎಸೆದಿದ್ದರು. ತಿರುಗಿದರೆ ಹಿಂದೆಯೇ ಯಮುನಕ್ಕ ನಿಂತಿದ್ದರು.

"ದುಡ್ಡು ಅವರ ಮುಖಕ್ಕೆ ಎಸೆದು ಬನ್ನಿ ಯಮುನಕ್ಕ" ಎಂದೆ. ನಾನು ಅಷ್ಟು ಗಟ್ಟಿಯಾಗಿ ಮಾತಾಡಿದವಳೇ ಅಲ್ಲ.

"ಎಸೆದ್ರೆ ನನ್ನ ಮಾನ ಉಳೀತದೆ, ಮರಿಗಳು ನೆನೀತವೆ. ಇನ್ನೂ ನಾಲ್ಕು ಹಲಸು ತರಿಸುವ."

ಗೊತ್ತಿದ್ದೂ ಅದೇ ಜನಕ್ಕೆ ಮತ್ತೆ ಮಾರಿದರು. ಮತ್ತೆ ಹಾಗೆಯೇ ಮಿಂದು, ಕೊತ್ತಂಬರಿ, ಮೆಣಸು ಅಳತೆ ತಪ್ಪದಂತೆ ಹಾಕಿದರು. ಎಸೆಯುವ ಹಪ್ಪಳಕ್ಕೆ ಇಷ್ಟು ಮುತುವರ್ಜಿ ಏಕೆಂದು ಕೇಳಿದರೆ, "ಹಪ್ಪಳ ಎಂತ ತಪ್ಪು ಮಾಡಿದೆ?" ಎಂದರು.

ಶೆಲ್ಟರಿಗೆ ತಗಡಿನ ಮಾಡು ಎದ್ದಿತು. ಉದ್ಘಾಟನೆಗೆ ಮೂರ್ತಿ ಫೋಟೋದವನನ್ನು ಕರೆತಂದರು, ಸಂಘದ ಹೆಸರಿನ ಬೋರ್ಡನ್ನೂ ಹೊತ್ತು ತಂದರು. ನಾಯಿಗಳ ಹತ್ತಿರ ಬರುವಾಗ ಮೂಗಿಗೆ ಕರವಸ್ತ್ರ, ಕ್ಯಾಮೆರಾ ಎತ್ತಿದರೆ ನಗು. ಯಮುನಕ್ಕ ಅಲ್ಲೇ ಹಪ್ಪಳ ಕರಿದು ತಟ್ಟೆ ಹಿಡಿದರು.

"ಅಯ್ಯೋ ಮಾಮಿ, ಇದಂದ್ರೆ ನಮ್ಮನೇಲಿ ಪ್ರಾಣ. ಕೊಟ್ಟಿದ್ದೆಲ್ಲ ಆವತ್ತೇ ಖಾಲಿ" ಎಂದ ಮೂರ್ತಿ, ಒಂದನ್ನು ತೆಗೆದುಕೊಂಡು, ಯಾರೂ ನೋಡಲಿಲ್ಲವೆಂದುಕೊಂಡು ಮುರಿದು ಅಂಗಿಯ ಜೇಬಿಗೆ ಇಳಿಸಿದರು. ಬಿಳಿ ಬಟ್ಟೆಯ ಮೇಲೆ ಎಣ್ಣೆ ಹರಡುತ್ತ ಹೋಯಿತು.

"ಇನ್ನೊಂದು ತಕ್ಕೊಳ್ಳಿ ಮೂರ್ತಿಗಳೇ. ಪ್ಯಾಂಟಿನ ಜೇಬು ಖಾಲಿ ಉಂಟಲ್ಲ" ಎಂದರು ಯಮುನಕ್ಕ.

ಆ ಮಾತಿಗೆ ಮೂರ್ತಿ ಯಮುನಕ್ಕನನ್ನು ಸುಮ್ಮನೆ ಬಿಡಲಿಲ್ಲ. ಮೆಟ್ಟಿಲಲ್ಲಿ ನಾಯಿಯ ನಾತವೆಂದು ಸಂಘದವರು ಮನೆ ಮಾಲೀಕರಿಗೆ ದೂರು ಕೊಟ್ಟು ಖಾಲಿ ಮಾಡಿಸಿದರು. ಯಮುನಕ್ಕ ಶೆಲ್ಟರಿನ ಪಕ್ಕದ ಕೋಣೆಗೆ ಹೋದರು. ಐಪ್ಪಸಿ ತಿಂಗಳ, ಅಂದರೆ ದೀಪಾವಳಿ ಹೊತ್ತಿನ, ಮಳೆಯಲ್ಲಿ ನಾನು ನೋಡಲು ಹೋದಾಗ ಜ್ವರದಲ್ಲಿದ್ದರು. ತಗಡಿನ ಮೇಲೆ ಮಳೆಯ ಸದ್ದಿಗೆ ಮಾತೇ ಕೇಳಿಸುತ್ತಿರಲಿಲ್ಲ. ಮಲಗಿದ್ದ ನಾಯಿಗಳತ್ತ ನನ್ನ ಕೈ ಹಿಡಿದು ಕರೆದೊಯ್ದು, ಒಂದು ಮರಿಯ ಬೆನ್ನನ್ನು ಮುಟ್ಟಿಸಿದರು. ಒಣಗಿತ್ತು. ಅದೇ ಕೊನೆಯ ಭೇಟಿ.

ಯಮುನಕ್ಕ ತೀರಿಹೋದ ಮೇಲೆ ಸಂಘದವರು ಲಿಫ್ಟಿನ ಪಕ್ಕ ಅವರ ಫೋಟೋ ಅಂಟಿಸಿ, 'ನಮ್ಮ ಸಂಘದ ಹೆಮ್ಮೆ' ಎಂದು ಬರೆಸಿದ್ದಾರೆ. ಅದನ್ನು ಕಾಣಲಾರದೆ ಈ ನೋಯುವ ಮೊಣಕಾಲಲ್ಲೂ ನಾನು ಮೆಟ್ಟಿಲು ಹತ್ತುತ್ತೇನೆ. ಅವರು ಬರೆಸಿದ್ದು ಗೋಡೆಯ ಮೇಲಿದೆ, ಬಂದವರೆಲ್ಲ ಓದುತ್ತಾರೆ. ನಡೆದದ್ದು ಈ ಹಾಳೆಗಳಲ್ಲಿ ಮಾತ್ರ ಇದೆ. ಕನ್ನಡ ಓದಲು ಕಷ್ಟವಾದರೆ ನಿಮ್ಮಮ್ಮನಿಂದ ಓದಿಸಿಕೊಳ್ಳಿ, ಆದರೆ ಇವನ್ನು ಕಳೆಯಬೇಡಿ ಮಕ್ಕಳೇ.