ಚಹಾದ ಜೊತೆ ಕೊಡುವ ಗುಳಿಗೆ

ಅಪ್ಪನಿಗೆ ಎದೆನೋವು ಬಂದ ಮೇಲೆ ಆಸ್ಪತ್ರೆಯವರು ದಿನಾ ನುಂಗಲು ಗುಳಿಗೆಗಳನ್ನು ಬರೆದುಕೊಟ್ಟಿದ್ದರು. ಎದೆನೋವು ತಗ್ಗಿತು. ಕೆಲವು ವಾರಗಳಲ್ಲಿ ತೊಡೆಗಳು ನೋಯತೊಡಗಿದವು. ಬಚ್ಚಲಿನಿಂದ ಬರುವಾಗ ಅಪ್ಪ ಗೋಡೆ ಹಿಡಿಯುತ್ತಿದ್ದರು.

"ಗಿಲಾವ್ ಮಾಡಾವಗ ಕಾಲ್ ನೋಯದ ಇನ್ನೇನ್ ನೋಯಬೇಕವಾ?" ಎಂದು ನನ್ನ ಬಾಯಿ ಮುಚ್ಚಿಸಿದರು.

ಗೋವಾಕ್ಕೆ ಬಂದಾಗಿನಿಂದ ಅವರದು ಗೋಡೆಗೆ ಸಿಮೆಂಟು ಮೆತ್ತುವ ಗಿಲಾವಿನ ಕೆಲಸವೇ. ಆ ಕೆಲಸದ ನೋವು ರಾತ್ರಿ ಮಲಗಿದರೆ ಇಳಿಯುತ್ತಿತ್ತು. ಇದು ಇಳಿಯಲಿಲ್ಲ. ಜಗಳವಾಡಿ ಆಸ್ಪತ್ರೆಗೆ ಕರೆದೊಯ್ದೆ.

ಡಾಕ್ಟರು ತೊಡೆ ಒತ್ತಿ ನೋಡಿದರು. ರಕ್ತ ತೆಗೆಸಿದರು. ಕೊಲೆಸ್ಟ್ರಾಲ್ ಗುಳಿಗೆಯಿಂದ ಹೀಗಾಗಿರಬಹುದು, ಬದಲಿಸುತ್ತೇನೆ, ಉಳಿದವನ್ನು ಮಾತ್ರ ನೀವಾಗಿ ಬಿಡಬೇಡಿ ಎಂದರು. ಬೇರೇನಾದರೂ ನುಂಗುತ್ತೀರಾ ಎಂದು ಹಿಂದಿಯಲ್ಲಿ ಕೇಳಿದರು.

"ಕುಛ್ ನಹೀಂ," ಎಂದರು ಅಪ್ಪ.

ಸುಳ್ಳು. ಕುಂಕಳ್ಳಿಯ ಕಾರ್ಖಾನೆ ಶೆಡ್ಡಿನ ಕೆಲಸದಲ್ಲಿ ಮೇಸ್ತ್ರಿ ಮಧ್ಯಾಹ್ನದ ಚಹಾದ ಜೊತೆ ಎಲ್ಲರ ಅಂಗೈಗೆ ನೋವಿನ ಗುಳಿಗೆ ಹಾಕುತ್ತಾನೆ. ಯಾರೂ ಕೇಳಬೇಕಿಲ್ಲ. ಊಟ ಒಯ್ದಾಗ ಕಣ್ಣಾರೆ ನೋಡಿದ್ದೆ. ಡಾಕ್ಟರಿಗೆ ಹೇಳಿಬಿಟ್ಟೆ.

ಅವರ ಮುಖ ಬಿಗಿಯಾಯಿತು. ನಿಮ್ಮಂಥವರ ಹೃದಯಕ್ಕೆ ಅದು ಅಪಾಯ, ಕಿಡ್ನಿಗೂ ಪೆಟ್ಟು, ಇನ್ನು ಒಂದೂ ಬೇಡ ಎಂದರು.

ಹೊರಗೆ ಬಂದು ಅಪ್ಪ ನನ್ನ ಮೇಲೇ ಹರಿಹಾಯ್ದರು. "ಮೇಸ್ತ್ರಿ ನಮ್ಮೂರಾಂವ. ಅವನ ಹೆಸರ ಯಾಕ ತಗದಿ?"

"ನಿಮ್ಮ ಜೀವ ಯಾವೂರಿಂದರಿ?" ಎಂದೆ.

ಹೊಸ ಗುಳಿಗೆಗೆ ಕಾಲು ನಿಧಾನವಾಗಿ ಹಗುರಾಯಿತು. ಡಾಕ್ಟರು ಒಪ್ಪಿದ ಮೇಲೆ ಅಪ್ಪ ಕೆಲಸಕ್ಕೆ ಹೊರಟರು. ನೋವಿನ ಗುಳಿಗೆ ಬಿಟ್ಟಿದ್ದಾರೆಂದು ನನಗೆ ನಂಬಿಕೆ ಬರಲಿಲ್ಲ. ನಾನು ಕಲಿಸುವ ಶಾಲೆಗೆ ರಜೆಯಿದ್ದ ದಿನ ಊಟದ ಡಬ್ಬಿ ಹಿಡಿದು ಚಹಾದ ಹೊತ್ತಿಗೇ ಹೋದೆ.

ಮೇಸ್ತ್ರಿ ಸಾಲಿನುದ್ದಕ್ಕೂ ಗುಳಿಗೆ ಹಂಚುತ್ತ ಬರುತ್ತಿದ್ದ. ಅಪ್ಪ ಕೈ ಚಾಚಿದರು. ಗುಳಿಗೆ ಬಿತ್ತು. ನನ್ನನ್ನು ಕಂಡು ಮುಷ್ಟಿ ಮುಚ್ಚಿದರು. ಆಮೇಲೆ ಅದನ್ನು ಪಕ್ಕದಲ್ಲಿ ತನ್ನ ಪಾಲಿನ ಗುಳಿಗೆ ಹಿಡಿದು ಕುಳಿತಿದ್ದ, ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ ಮುದುಕನಿಗೆ ಕೊಟ್ಟರು.

"ಎರಡೂ ನುಂಗ್ ಕಾಕಾ, ಸಂಜಿಮಟ ಕುಣೀತಿ," ಎಂದ ಮೇಸ್ತ್ರಿ. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು.

ಮುದುಕನ ಕೈಯಿಂದ ಎರಡನ್ನೂ ಕಸಿದು ಸಿಮೆಂಟು ಕಲಸುವ ಬಾನಿಗೆ ಎಸೆದೆ. "ಈ ಕಾಕಾನ ಎದಿ ನೀ ನೋಡೀಯೇನ? ಕಿಡ್ನಿ ನೋಡೀಯೇನ?" ಎಂದು ಕೂಗಿದೆ.

"ಸಾಲಿ ಕಲಿಸಾಕಿ, ನಿಂಗ ಮೈಕೈ ನೋವು ಏನ್ ಗೊತ್ತವಾ," ಎಂದ ಆತ, ಒಂದಿಷ್ಟೂ ಸಿಟ್ಟಿಲ್ಲದೆ. ಅಂಗಿಯ ಜೇಬಿನಿಂದ ಗುಳಿಗೆಯ ಪಟ್ಟಿ ತೆಗೆದು ಇನ್ನೆರಡು ಬಿಡಿಸಿದ.

ಮುದುಕ ನನ್ನ ಮುಖ ನೋಡಲಿಲ್ಲ. ಕೈ ಚಾಚಿದ.