ಮೈಕಕ್ಕನ ನಾಲ್ಕು ನಿಮಿಷ

ನಮ್ಮೂರ ಮಾಲಿನಲ್ಲಿ ತಪ್ಪಿಸಿಕೊಂಡವರು ಯಾರೂ ನಾಲ್ಕು ನಿಮಿಷಕ್ಕಿಂತ ಹೆಚ್ಚು ಹೊತ್ತು ತಪ್ಪಿಸಿಕೊಂಡಿದ್ದೇ ಇಲ್ಲ. ಇಪ್ಪತ್ತು ವರ್ಷ ನಾನು ಕಂಡಕಂಡವರ ಮುಂದೆ ಕೊಚ್ಚಿಕೊಂಡ ಮಾತಿದು. ನನ್ನದು ನೆಲಮಹಡಿಯಲ್ಲಿ ಗಡಿಯಾರ ರಿಪೇರಿ ಅಂಗಡಿ. ಮೂವತ್ತಾರು ಗಡಿಯಾರ ಕಿವಿಯ ಪಕ್ಕ ಬಡಿದುಕೊಳ್ಳುವಾಗ ಸಮಯ ತಪ್ಪುವುದಾದರೂ ಹೇಗೆ?

ಈ ದಾಖಲೆಯ ಒಡತಿ ಮೈಕಕ್ಕ. ಮಾಲು ತೆರೆದ ದಿನದಿಂದ ಎರಡನೇ ಮಹಡಿಯ ಗಾಜಿನ ಗೂಡಿನಲ್ಲಿ ಕೂತು ಮೈಕಿನಲ್ಲಿ ಪ್ರಕಟಣೆ ಹೇಳುವುದು ಆಕೆಯ ಕೆಲಸ. ತೆರೆದ ದಿನ ಊರಿನ ಅರ್ಧ ಜನ ಎಸ್ಕಲೇಟರ್ ಹತ್ತಲು ಬಂದಿದ್ದರು, ಉಳಿದರ್ಧ ಅವರು ಬೀಳುವುದನ್ನು ನೋಡಲು. ಏಸಿ ಎಷ್ಟು ತಣ್ಣಗಿತ್ತೆಂದರೆ ಕರವಸ್ತ್ರಕ್ಕೆ ಬಂದವರು ಕಂಬಳಿ ಕೊಂಡುಹೋದರು. ಆ ಎಸ್ಕಲೇಟರಿನ ಮೆಕ್ಯಾನಿಕ್ಕೇ ಮೈಕಕ್ಕನ ಗಂಡ. ಆಕೆ ಅಕ್ಕನಾದ ಮೇಲೆ ಅವರು ನನಗೆ ಭಾವ ಆಗಲೇಬೇಕಲ್ಲ.

ಅಕ್ಕನದು ಒಂದು ಕಟ್ಟುನಿಟ್ಟು: ಕಾಣೆಯಾದವರ ಹೆಸರನ್ನು ಮೈಕಿನಲ್ಲಿ ಹೇಳಕೂಡದು. ಮೊದಲ ವರ್ಷ ಒಂದು ಮಗುವಿನ ಹೆಸರು ಹೇಳಿದ್ದಕ್ಕೆ, ಯಾವನೋ ಅಪರಿಚಿತ ಅದೇ ಹೆಸರು ಹಿಡಿದು ಕರೆದು ಮಗುವನ್ನು ಗೇಟಿನ ತನಕ ನಡೆಸಿಕೊಂಡು ಹೋಗಿದ್ದ. ಅಂದಿನಿಂದ ಬಟ್ಟೆಯ ಗುರುತು ಮಾತ್ರ. "ಕೆಂಪು ಫ್ರಾಕು, ಒಂದೇ ಕಾಲಿಗೆ ಚಪ್ಪಲಿ" ಎಂದರೆ ಸಾಕು, ಇಡೀ ಮಾಲು ಕತ್ತು ಉದ್ದ ಮಾಡುತ್ತಿತ್ತು.

ಆಮೇಲೆ ಊರಾಚೆ ಇದರ ನಾಲ್ಕರಷ್ಟು ದೊಡ್ಡ ಮಾಲು ಎದ್ದಿತು. ನಮ್ಮಲ್ಲಿ ಒಂದೊಂದೇ ಶಟರು ಇಳಿಯಿತು. ಸಿನಿಮಾ ಹಾಲು ಮುಚ್ಚಿತು, ಗಾಜಿನ ಚಾವಣಿ ಸೋರಿ ಕೆಳಗೆ ಬಕೆಟ್ಟುಗಳು ಬಂದವು, ಕರೆಂಟು ಉಳಿಸಲು ಎಸ್ಕಲೇಟರನ್ನೂ ನಿಲ್ಲಿಸಿದರು. ನಿವೃತ್ತರಾಗಿದ್ದ ಭಾವ ದಿನವೂ ಅಕ್ಕನ ಜೊತೆ ಬಂದು ಗೂಡಿನ ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದರು. "ಮನೇಲಿ ಒಬ್ರಿಗೇ ಬೇಜಾರಂತೆ" ಎನ್ನುತ್ತಿದ್ದಳು ಅಕ್ಕ. ಅವರಿಗೆ ಮರೆವು ಹತ್ತಿದೆ, ಮನೆಯ ದಾರಿಯೂ ತಿಳಿಯದು ಎಂಬುದನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಭಾವ ಹಳೇ ಬೂದು ಯೂನಿಫಾರ್ಮ್ ತೊಟ್ಟು, ಸ್ಕ್ರೂಡ್ರೈವರ್ ಹಿಡಿದು ನನ್ನ ಅಂಗಡಿ ಮುಂದೆ ಹಾದರು.

"ಏನ್ ಭಾವ, ಮತ್ತೆ ಡ್ಯೂಟಿಗೆ ಕರೆದ್ರಾ? ನೀವಿಲ್ದೆ ಇವ್ರಿಗೆ ಒಂದ್ ಬಲ್ಬು ಹಾಕಕ್ಕೂ ಬರಲ್ಲ ಬಿಡಿ."

"ಮೆಟ್ಲು ನಿಂತ್ಬಿಟ್ಟಿದೆ ಕಣಯ್ಯ. ಜನ ಕಾಯ್ತಿದಾರೆ."

ಕಾಯುವುದಿರಲಿ, ಅಲ್ಲಿ ಓಡಾಡುವ ಜನವೇ ಬೆರಳೆಣಿಕೆಯಷ್ಟು. ತಮಾಷೆ ಎಂದುಕೊಂಡು ನಕ್ಕೆ.

ಸ್ವಲ್ಪ ಹೊತ್ತಿಗೆ ಮೈಕು ಮಾತಾಡಿತು: "ನೀಲಿ ಗೀಟಿನ ಅಂಗಿ, ಕಪ್ಪು ಪ್ಯಾಂಟು, ಬಿಳಿ ಕೂದಲು, ಎಪ್ಪತ್ತು ವರ್ಷದವರು. ಕಂಡವರು ಎರಡನೇ ಮಹಡಿಗೆ ಕರೆದುಕೊಂಡು ಬನ್ನಿ."

ಅದು ಬೆಳಿಗ್ಗೆ ಅಕ್ಕನೇ ಗಂಡನಿಗೆ ಗುಂಡಿ ಹಾಕಿ ತೊಡಿಸಿದ್ದ ಅಂಗಿ ಎಂಬುದು ನನಗೆ ತಿಳಿದದ್ದು ಆಮೇಲೆ. ಅಷ್ಟರಲ್ಲಿ ಅದು ನೌಕರರ ಕೋಣೆಯ ಅವರ ಹಳೇ ಲಾಕರಿನಲ್ಲಿ ಮಡಚಿಕೊಂಡು ಕೂತಿತ್ತು. ನಾನೋ ಮಹಾ ಉತ್ಸಾಹದಲ್ಲಿ ನೀಲಿ ಅಂಗಿಯ ಇಬ್ಬರು ಮುದುಕರನ್ನು ಹಿಡಿದು ಮೇಲಕ್ಕೆ ಅಟ್ಟಿದೆ. ಬೆಲ್ಟು ಕೊಳ್ಳಲು ಬಂದಿದ್ದವನೊಬ್ಬ ಇವತ್ತಿಗೂ ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ.

ಮಧ್ಯಾಹ್ನವಾದರೂ ಪ್ರಕಟಣೆ ನಿಲ್ಲಲಿಲ್ಲ. ಮೇಲೆ ಹೋಗಿ ಕೇಳಿದೆ. "ಯಾರಕ್ಕ ಅದು?"

"ನಿನ್ ಭಾವ."

ನೆಲಮಾಳಿಗೆಗೆ ಓಡಿದೆ. ಎಸ್ಕಲೇಟರಿನ ಯಂತ್ರದ ಕೋಣೆಯಲ್ಲಿ ಭಾವ ಮೋಟಾರಿಗೆ ಒರಗಿ ಕೂತಿದ್ದರು. ಬಿಚ್ಚಿದ ಸ್ಕ್ರೂಗಳನ್ನು ಕರವಸ್ತ್ರದ ಮೇಲೆ ಸಾಲಾಗಿ ಜೋಡಿಸಿದ್ದರು. ಮೈ ಇನ್ನೂ ಬೆಚ್ಚಗಿತ್ತು. ಹೃದಯ ನಿಂತು ಅರ್ಧ ಗಂಟೆಯಾಗಿರಬಹುದು ಎಂದರು ಡಾಕ್ಟರು. ಭಾವ ನನ್ನ ಮುಂದೆ ಹಾದುಹೋಗಿ ಎರಡೂ ಮುಕ್ಕಾಲು ಗಂಟೆಯಾಗಿತ್ತು. ಅಂದಾಜಿನ ಮೇಲೆ ಅಲ್ಲಿಗೆ ಹೋದೆ ಎಂದು ಎಲ್ಲರಿಗೂ ಹೇಳಿದೆ. ಕಂಡಿದ್ದೆ ಎನ್ನಲಿಲ್ಲ. ನಾಲ್ಕು ನಿಮಿಷದ ಮಾತನ್ನೂ ಮತ್ತೆ ಎತ್ತಲಿಲ್ಲ.

ಎರಡು ವರ್ಷದ ಮೇಲೆ ಮಾಲು ಮುಚ್ಚುವ ದಿನ ಬಂತು. ಗಿರಾಕಿಗಳಿಗೆ ನಾಲ್ಕು ಒಳ್ಳೆ ಮಾತು ಹೇಳಿ ಮುಗಿಸಿ ಎಂದು ಮ್ಯಾನೇಜರ್ ಅಕ್ಕನಿಗೆ ಹೇಳಿದ್ದ. ನಾನು ಗೂಡಿನೊಳಗೆ ಹೋಗಿ ನಿಂತೆ.

"ಅಕ್ಕ, ಅವತ್ತು ಭಾವ ನನ್ ಮುಂದೇನೇ ಹೋದ್ರು. ಯೂನಿಫಾರ್ಮಲ್ಲಿ. ಮಾತೂ ಆಡಿಸ್ದೆ. ನೀನು ಹೆಸರು ಹೇಳಿದ್ರೆ..."

ಆಕೆ ಕುರ್ಚಿಯನ್ನು ಮೇಜಿನ ಕಡೆ ತಿರುಗಿಸಿದಳು. ಆಮೇಲೆ ಮೈಕು ಹಾಕಿದಳು.

"ಬೂದು ಯೂನಿಫಾರ್ಮ್, ಕೈಯಲ್ಲಿ ಸ್ಕ್ರೂಡ್ರೈವರ್, ಎಪ್ಪತ್ತು ವರ್ಷದವರು. ಕಂಡವರು ಎರಡನೇ ಮಹಡಿಗೆ ಕರೆದುಕೊಂಡು ಬನ್ನಿ." ಕೊನೆಗೆ ಗಂಡನ ಹೆಸರನ್ನೂ ಹೇಳಿದಳು. ಅದು ಇಳಿದ ಶಟರುಗಳಿಗೆಲ್ಲ ಬಡಿದು ವಾಪಸು ಬಂತು.

ಮೈಕು ಆರಿಸಿ, ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು.

"ನಿನ್ ವಾಚ್ ನೋಡ್ಕೋ ತಮ್ಮ," ಎಂದಳು. "ನಾಲ್ಕ್ ನಿಮಿಷ ಕಾಯೋಣ."